ಗೌಲ್ಡ್ ನುಡಿಸುವ ಮೊದಲು ಬರ್ನ್‌ಸ್ಟೈನ್ ಮಾತಾಡಿದ್ದು ಸರಿಯಾ?

ಮಂದ್ರಸ್ಥಾಯಿ:
1962ರ ಏಪ್ರಿಲ್ 6ರ ಕಾರ್ನೆಗಿ ಹಾಲ್ ಕಛೇರಿಯ ರೆಕಾರ್ಡಿಂಗ್ ಮತ್ತೆ ಕೇಳಿದೆ. ಗೊತ್ತಿಲ್ಲದವರಿಗೆ ಚುಟುಕಾಗಿ: ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ (ವಾದ್ಯವೃಂದ), ಕೋಲು ಹಿಡಿದು ಅದನ್ನು ನಡೆಸುವ ಕಂಡಕ್ಟರ್ ಲಿಯೊನಾರ್ಡ್ ಬರ್ನ್‌ಸ್ಟೈನ್, ಪಿಯಾನೊದಲ್ಲಿ ಗ್ಲೆನ್ ಗೌಲ್ಡ್, ಬ್ರಾಮ್ಸ್ ಅವರ ಮೊದಲನೇ ಪಿಯಾನೊ ಕನ್ಸರ್ಟೊ (ಒಬ್ಬರು ಸೋಲೋ ನುಡಿಸುತ್ತಾ ಆರ್ಕೆಸ್ಟ್ರಾ ಜೊತೆಗೂಡುವ ಕೃತಿ). ಗೌಲ್ಡ್ ನುಡಿಸುವ ಮೊದಲು ಬರ್ನ್‌ಸ್ಟೈನ್ ಜನರ ಕಡೆ ತಿರುಗಿ, ಈ ನಿಧಾನದ ಟೆಂಪೊ (ವೇಗ), ಈ ರೀತಿ ಎಲ್ಲ ಗೌಲ್ಡ್ ಅವರ ಯೋಚನೆ, ನನಗೆ ಪೂರ್ತಿ ಒಪ್ಪಿಗೆಯಿಲ್ಲ ಅಂತ ಹೇಳಿಬಿಟ್ಟರು. ಇದು ಬೆನ್ನಿಗೆ ಚೂರಿ, ಅಷ್ಟೇ. ಒಪ್ಪಿಗೆಯಿಲ್ಲದಿದ್ದರೆ ಕೋಲು ಹಿಡಿಯಬಾರದು. ಹಿಡಿದ ಮೇಲೆ ಬಾಯಿ ಮುಚ್ಚಿಕೊಂಡು ನಡೆಸಬೇಕು.

ಕೊನೇಸಾಲು:
ಚೂರಿಯಂತೆ ಚೂರಿ! ಏನು ಹೇಳುತ್ತೇನೆ ಅಂತ ಗೌಲ್ಡ್‌ಗೆ ಮೊದಲೇ ತಿಳಿಸಿದ್ದೆ ಅಂತ ಬರ್ನ್‌ಸ್ಟೈನ್ ಆಮೇಲೆ ಬರೆದಿದ್ದಾರೆ. ಗೌಲ್ಡ್ ಕೂಡ ಆ ಮಾತಿನಿಂದ ತನಗೇನೂ ಬೇಜಾರಿಲ್ಲ ಅಂತಲೇ ಹೇಳಿಕೊಂಡಿದ್ದರು. ಚುಚ್ಚಿಸಿಕೊಂಡವರಿಗೇ ನೋವಿಲ್ಲ, ನಿಮಗ್ಯಾಕೆ ರಕ್ತ ಬರ್ತಿದೆ? ಅದೇ ಭಾಷಣದಲ್ಲಿ, ಗೌಲ್ಡ್ ಗಂಭೀರ ಕಲಾವಿದ, ಅವರು ಮನಸಾರೆ ಯೋಚಿಸಿದ್ದನ್ನು ನೀವೂ ಕೇಳಬೇಕು ಅಂತಲೂ ಹೇಳಿದ್ದಾರಲ್ಲ. ಅದನ್ನು ಜಾಣತನದಿಂದ ಬಿಟ್ಟಿದ್ದೀರಿ.

ತಾಳತಪ್ಪಿದವ:
"ಗಂಭೀರ ಕಲಾವಿದ" ಅಂತ ಹೊಗಳಿದ ಬಾಯಲ್ಲೇ ಇನ್ನೇನು ಬಂತು ಅನ್ನೋದನ್ನೂ ಹೇಳಿ ಸಾರ್. ಸೋಲೋ ನುಡಿಸುವವರ ಹೊಸ ಯೋಚನೆಗೆ ಹೀಗೆ ಪೂರ್ತಿ ತಲೆಬಾಗಿದ್ದು ಇದಕ್ಕೆ ಮುಂಚೆ ಒಂದೇ ಸಲ, ಅದೂ ಗೌಲ್ಡ್ ಜೊತೆ ಕಳೆದ ಬಾರಿ ನುಡಿಸಿದಾಗ, ಅಂತ. ಜನ ಗೊಳ್ಳನೆ ನಕ್ಕರು. 29 ವರ್ಷದ ಹುಡುಗ, ಈಗ ಬಂದು 50 ನಿಮಿಷಕ್ಕಿಂತ ಜಾಸ್ತಿ ನುಡಿಸಬೇಕು, ಅವನ ಬಗ್ಗೆ ಮೊದಲೇ ನಗಿಸಿ ಇಡೋದು ಯಾವ ದೊಡ್ಡಸ್ತಿಕೆ? ಅದರ ಫಲವೂ ಸಿಕ್ಕಿತು. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಹೆರಾಲ್ಡ್ ಶೋನ್‌ಬರ್ಗ್ "ಓಸಿಪ್" ಅನ್ನೋ ಗೆಳೆಯನಿಗೆ ಕಾಗದ ಬರೆದ ಹಾಗೆ ವಿಮರ್ಶೆ ಬರೆದರು. ಇಷ್ಟು ನಿಧಾನ ಯಾಕೆ ಅಂದರೆ ಬೆರಳಲ್ಲಿ ಕಸುವು ಸಾಲದೇನೋ ಅಂತ ಕುಟುಕಿದರು.

ಕಪ್ಪುಮಣೆ 88:
ಬೆರಳಲ್ಲಿ ಕಸುವು ಸಾಲದು ಅನ್ನೋದು ತಮಾಷೆ. 1955ರಲ್ಲಿ ಬಾಖ್ ಅವರ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಅನ್ನು 39 ನಿಮಿಷದೊಳಗೆ ಮುಗಿಸಿದ ಬೆರಳುಗಳು ಅವು! ನಿಧಾನಕ್ಕೆ ಕಾರಣ ಬೇರೆಯೇ ಇತ್ತು. ಪಿಯಾನೊ ಒಂದು ಕಡೆ, ಆರ್ಕೆಸ್ಟ್ರಾ ಇನ್ನೊಂದು ಕಡೆ ನಿಂತು ಕುಸ್ತಿ ಆಡೋದು ಗೌಲ್ಡ್‌ಗೆ ಬೇಕಿರಲಿಲ್ಲ. ಅಬ್ಬರದ ಭಾಗಕ್ಕೂ ಮೃದು ಭಾಗಕ್ಕೂ ನಡುವಿನ ಅಂತರ ಕಡಿಮೆ ಮಾಡಿ, ಒಂದೇ ನಡೆಯಲ್ಲಿ ಕಟ್ಟೋಕೆ ನೋಡಿದರು. ಇನ್ನೊಂದು ಮಜಾ ಕೇಳಿ. ಎರಡು ದಶಕ ಕಳೆದ ಮೇಲೆ ಇದೇ ಬರ್ನ್‌ಸ್ಟೈನ್ ವಿಯೆನ್ನಾ ಫಿಲ್‌ಹಾರ್ಮೋನಿಕ್ ಜೊತೆ, ಕ್ರಿಸ್ಟಿಯನ್ ಝಿಮರ್‌ಮನ್ ಪಿಯಾನೊ ಇಟ್ಟುಕೊಂಡು, ಇದೇ ಕನ್ಸರ್ಟೊ ರೆಕಾರ್ಡ್ ಮಾಡಿದರಲ್ಲ, ಅದೂ ಹೆಚ್ಚೂಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತೆ. ಆಗ ಯಾಕೆ ಮುನ್ನುಡಿ ಇಲ್ಲ?

ಕೊನೇಸಾಲು:
"ಎರಡು ದಶಕ" ಅಂತ ನೀವೇ ಹೇಳಿದ್ರಿ. ಮನುಷ್ಯ ಅಷ್ಟು ವರ್ಷದಲ್ಲಿ ಬದಲಾಗಬಾರದಾ?

ಸುಮ್ನೆ ಕೇಳುಗ:
ಟೆಂಪೊ ಗಿಂಪೊ ಬಿಡಿ. "ಜನ ಗೊಳ್ಳನೆ ನಕ್ಕರು" ಅಂತ ಕಣ್ಣೀರು ಹಾಕೋ ಗೌಲ್ಡ್ ಅಭಿಮಾನಿಗಳಿಗೆ ಒಂದೇ ಪ್ರಶ್ನೆ. ಅದೇ 1962ರಲ್ಲಿ ಕಛೇರಿಗಳಲ್ಲಿ ಚಪ್ಪಾಳೆ ನಿಷೇಧಿಸಬೇಕು ಅಂತ ಲೇಖನ ಬರೆದವರು ಯಾರು? ನಿಮ್ಮ ಗೌಲ್ಡ್. ಚಪ್ಪಾಳೆಯೂ ಬೇಡ ಅನ್ನುವವರಿಗೆ ನಗು ಯಾಕೆ ತಾಗಬೇಕು?

ಕೊನೇಸಾಲು:
ಅದೊಂದು ವಿಷಯದಲ್ಲಿ ಗೌಲ್ಡ್ ಮಾತಿಗೆ ಬೆಲೆ ಇದೆ. ಪೂರ್ತಿ ನಿಷೇಧ ಬೇಡ, ಆದರೆ ಒಂದು ಮೂವ್‌ಮೆಂಟ್ (ಕೃತಿಯ ಒಂದು ಭಾಗ) ಮುಗಿದ ತಕ್ಷಣ ಪಟಪಟ ಅಂತ ತಟ್ಟುವವರನ್ನು ಮಾತ್ರ ಹೊರಗೆ ಕಳಿಸಬೇಕು. ಬ್ರಾಮ್ಸ್ ಮೊದಲ ಮೂವ್‌ಮೆಂಟ್ ಅಷ್ಟು ದೊಡ್ಡ ಬಿರುಗಾಳಿ, ಅದು ಇಳಿದು ಎರಡನೆಯದು ಮೆಲ್ಲಗೆ ಶುರುವಾಗೋ ಆ ಗಳಿಗೆಗೇ ನಾನು ಕಾಯ್ತಾ ಇರ್ತೀನಿ, ಅಷ್ಟರಲ್ಲಿ ಯಾರೋ ಒಬ್ಬ ಪುಣ್ಯಾತ್ಮ ತಟ್ಟಿಬಿಡ್ತಾನೆ.

ತಾಳತಪ್ಪಿದವ:
"ಹೊರಗೆ ಕಳಿಸಬೇಕು"?? ಮೊಟ್ಸಾರ್ಟ್ ಅವರನ್ನೇ ಹೊರಗೆ ಕಳಿಸಿ ಹಾಗಾದರೆ. 1778ರಲ್ಲಿ ಪ್ಯಾರಿಸ್‌ನಿಂದ ಅಪ್ಪನಿಗೆ ಬರೆದ ಕಾಗದ ಇದೆ. ಇಲ್ಲಿ ಜನ ಮೆಚ್ಚುತ್ತಾರೆ ಅಂತ ಗೊತ್ತಿದ್ದೇ ಸಿಂಫನಿಯಲ್ಲಿ (ಆರ್ಕೆಸ್ಟ್ರಾಗೆ ಬರೆದ ದೊಡ್ಡ ಕೃತಿ) ಒಂದು ತುಣುಕು ಇಟ್ಟೆ, ಸಂಗೀತ ನಡೀತಿರುವಾಗಲೇ ಚಪ್ಪಾಳೆ ಬಿತ್ತು, ಖುಷಿಯಲ್ಲಿ ಹೋಗಿ ಐಸ್‌ಕ್ರೀಂ ತಿಂದೆ ಅಂತ ಬರೆದಿದ್ದಾರೆ. ಬರೆದವರಿಗೇ ಅದು ಸಂಭ್ರಮ, ನಿಮಗೆ ಹೊಟ್ಟೆಯುರಿ.

ಕೊನೇಸಾಲು:
ಮೊಟ್ಸಾರ್ಟ್ ಕಾಲದಲ್ಲಿ ಜನ ಸಂಗೀತದ ಮಧ್ಯೆ ಹರಟೆನೂ ಹೊಡೀತಿದ್ರು. ಅದನ್ನೂ ವಾಪಸ್ ತರೋಣವಾ? ನಾನು ಹೇಳ್ತಿರೋದು ಬ್ರಾಮ್ಸ್ ಬಗ್ಗೆ. 1859ರ ಜನವರಿಯಲ್ಲಿ ಲೈಪ್‌ಜಿಗ್‌ನಲ್ಲಿ ಇದೇ ಕನ್ಸರ್ಟೊವನ್ನು ಸ್ವತಃ ಬ್ರಾಮ್ಸ್ ನುಡಿಸಿದರು. ಮೊದಲೆರಡು ಮೂವ್‌ಮೆಂಟ್ ಮುಗಿದಾಗ ಸಭೆ ಸದ್ದಿಲ್ಲದೆ ಕೂತಿತ್ತು ಅಂತ ಅವರೇ ಗೆಳೆಯ ಯೋವಾಕಿಮ್‌ಗೆ ಬರೆದಿದ್ದಾರೆ. ಸಾಕಲ್ವಾ ಪುರಾವೆ?

ಕಪ್ಪುಮಣೆ 88:
ಅಯ್ಯೋ ದೇವರೇ. ಆ ಕಾಗದದ ಮುಂದಿನ ಸಾಲು ಓದಿ ಸ್ವಾಮಿ! ಕೊನೆಯಲ್ಲಿ ಮೂರು ಜೊತೆ ಕೈ ಚಪ್ಪಾಳೆಗೆ ಮೇಲೆದ್ದವು, ಸುತ್ತ ನಾಲ್ಕೂ ಕಡೆಯಿಂದ "ಹಿಸ್ಸ್" ಅಂತ ಬಾಯಿ ಮುಚ್ಚಿಸಿದರು. ಸಭೆ ಸದ್ದಿಲ್ಲದೆ ಕೂತಿದ್ದು ಶಿಸ್ತಿನಿಂದ ಅಲ್ಲ, ಹಿಡಿಸದೆ. ಒಬ್ಬ ಸಂಗೀತಗಾರನ ಅತಿ ದೊಡ್ಡ ಸೋಲನ್ನು ತಂದು ಸಭೆಯ ಮರ್ಯಾದೆಗೆ ಪುರಾವೆ ಅಂತ ಇಡ್ತಿದ್ದೀರಲ್ಲ, ಮೆಚ್ಚಬೇಕು ನಿಮ್ಮನ್ನ.

ಮಂದ್ರಸ್ಥಾಯಿ:
ನಾನು ಬರ್ನ್‌ಸ್ಟೈನ್ ಭಾಷಣದ ಬಗ್ಗೆ ಶುರು ಮಾಡಿದ್ದು. ಕನ್ಸರ್ಟೊದಲ್ಲಿ ಯಜಮಾನ ಯಾರು, ಸೋಲೋ ನುಡಿಸುವವರಾ ಕಂಡಕ್ಟರಾ ಅಂತ ಅವರೇ ಅಲ್ಲಿ ಕೇಳಿದ್ದರು. ಅದಕ್ಕೆ ಯಾರಾದರೂ ಉತ್ತರ ಕೊಡ್ತೀರಾ?

ಸುಮ್ನೆ ಕೇಳುಗ:
ಯಜಮಾನರು ಟಿಕೆಟ್ ಕೊಂಡವರು. ಅವರಿಗೆ ಇಷ್ಟ ಬಂದಾಗ ತಟ್ಟುತ್ತಾರೆ. 1813ರಲ್ಲಿ ವಿಯೆನ್ನಾದಲ್ಲಿ ಬೀಥೋವನ್ ಅವರ ಏಳನೇ ಸಿಂಫನಿ ಮೊದಲ ಸಲ ನುಡಿಸಿದಾಗ ಎರಡನೇ ಮೂವ್‌ಮೆಂಟ್ ಅನ್ನು ಜನ ಮತ್ತೊಮ್ಮೆ ನುಡಿಸಿಸಿದರು. ಅದೂ ಮೆಲುದನಿಯ ಮೂವ್‌ಮೆಂಟು!

ಕೊನೇಸಾಲು:
ಟಿಕೆಟ್ ಕೊಂಡವರು ಯಜಮಾನರಾದರೆ ಮುಂದೆ ಬಂದು ಕೋಲನ್ನೂ ಹಿಡಿಯಲಿ. ಮೆಂಡೆಲ್ಸನ್ ಅವರ ವಯಲಿನ್ ಕನ್ಸರ್ಟೊ ಕೇಳಿದ್ದೀರಾ? ಮೊದಲ ಮೂವ್‌ಮೆಂಟ್ ಮುಗಿದ ಮೇಲೂ ಒಂದು ಬಸೂನ್ (ಊದುವ ವಾದ್ಯ) ಒಂದೇ ಸ್ವರ ಹಿಡಿದುಕೊಂಡು ಎರಡನೆಯದಕ್ಕೆ ಸೇರಿಸುತ್ತೆ. ತಟ್ಟೋಕೆ ಜಾಗವೇ ಬಿಟ್ಟಿಲ್ಲ. ಇದಕ್ಕಿಂತ ಸಾಕ್ಷಿ ಬೇಕಾ?

ತಾಳತಪ್ಪಿದವ:
ಬೇಕು. ಏಕೆಂದರೆ ನಿಮ್ಮ ಸಾಕ್ಷಿ ನನ್ನ ಪರ ಮಾತಾಡ್ತಿದೆ. ಮಿಕ್ಕ ಕಡೆಯೆಲ್ಲ ಜನ ತಟ್ಟುತ್ತಿದ್ದರು ಅಂತ ತಾನೇ ಅಲ್ಲಿ ಬಾಗಿಲು ಹಾಕಿದ್ದು? ಯಾರೂ ಬರದ ಮನೆಗೆ ಚಿಲಕ ಯಾಕೆ?

ಕೊನೇಸಾಲು:
ಚಿಲಕ ಹಾಕಿದ್ದು ನೋಡಿಯೂ ಒದ್ದು ಒಳಗೆ ಬರ್ತೀನಿ ಅನ್ನೋರ ಹತ್ತಿರ ಏನು ವಾದ. ಮೆಂಡೆಲ್ಸನ್‌ಗೆ ಚಪ್ಪಾಳೆ ಬೇಡ ಅನ್ನಿಸಿತ್ತು ಅಂತ ನೀವೇ ಒಪ್ಪಿದ ಹಾಗಾಯ್ತು, ಥ್ಯಾಂಕ್ಸ್.

ತಾಳತಪ್ಪಿದವ:
ನಾನು ಏನನ್ನೂ ಒಪ್ಪಿಲ್ಲ. ಬರೆದಿದ್ದನ್ನು ಓದೋಕೆ ಬರಲ್ಲ, ಬ್ರಾಮ್ಸ್ ಕಾಗದ ಅರ್ಧ, ನನ್ನ ಕಾಮೆಂಟ್ ಅರ್ಧ, ಎಲ್ಲಾ ಅರ್ಧ. ಬ್ರಾಮ್ಸ್ ಬೇಕು ಅಂದ್ರಲ್ಲ, ತಗೊಳ್ಳಿ. 1897ರ ಮಾರ್ಚ್ 7, ವಿಯೆನ್ನಾ. ಸಾಯೋಕೆ ಇನ್ನು ಒಂದು ತಿಂಗಳೂ ಇರಲಿಲ್ಲ. ಅವರ ನಾಲ್ಕನೇ ಸಿಂಫನಿ ನಡೆಯಿತು. ಒಂದೊಂದು ಮೂವ್‌ಮೆಂಟ್ ಆದ ಮೇಲೂ ಜನ ಚಪ್ಪಾಳೆ ತಟ್ಟಿದರು, ಕಾಯಿಲೆಯಲ್ಲಿ ಸೊರಗಿದ್ದ ಮುದುಕ ಎದ್ದು ನಿಂತು ಅದನ್ನು ಸ್ವೀಕರಿಸಿದರು. ಅವತ್ತು ನೀವು ಹಾಲಿನಲ್ಲಿ ಇದ್ದಿದ್ದರೆ ಬ್ರಾಮ್ಸ್ ಎದುರಿಗೇ "ಶ್ಶ್" ಅಂತಿದ್ರಿ.

ಕೊನೇಸಾಲು:
ಸಾವಿನಂಚಿನಲ್ಲಿದ್ದ ಮನುಷ್ಯನಿಗೆ ಜನ ತೋರಿಸಿದ ಪ್ರೀತಿಯನ್ನು ಪ್ರತಿ ಭಾನುವಾರದ ರೂಢಿ ಅಂತ ಮಾರ್ತಿದ್ದೀರಿ. ಇದಕ್ಕೆ ಏನನ್ನಬೇಕೋ ಗೊತ್ತಿಲ್ಲ.

ಕಪ್ಪುಮಣೆ 88:
ಇಬ್ಬರೂ ತಣ್ಣೀರು ಕುಡೀರಿ. ಮಂದ್ರಸ್ಥಾಯಿಯವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಯಜಮಾನ ಯಾರೂ ಅಲ್ಲ, ಆ ಕಛೇರಿಯೇ ಅದಕ್ಕೆ ಸಾಕ್ಷಿ. ಒಪ್ಪಿಗೆಯಿಲ್ಲ ಅಂದ ಬರ್ನ್‌ಸ್ಟೈನ್ ಕಡೇವರೆಗೂ ಗೌಲ್ಡ್ ಬೆರಳಿಗೆ ಕಾದು ಕಾದು ಆರ್ಕೆಸ್ಟ್ರಾ ನಡೆಸಿದ್ದಾರೆ. ಬೇರೆ ಸಹಾಯಕ ಕಂಡಕ್ಟರ್ ಕೈಗೆ ಕೊಡಬಹುದಿತ್ತು, ಅದನ್ನೂ ಭಾಷಣದಲ್ಲೇ ಹೇಳಿ, ಹಾಗೆ ಮಾಡಲ್ಲ ಅಂದರು. ಎರಡನೇ ಮೂವ್‌ಮೆಂಟ್ ಕೇಳಿ, ಅಲ್ಲಿ ಜಗಳದ ಸುಳಿವೂ ಇಲ್ಲ. 1998ರಲ್ಲಿ ಸೋನಿ ಅಧಿಕೃತವಾಗಿ ಬಿಡುಗಡೆ ಮಾಡಿದಾಗ ಭಾಷಣವನ್ನೂ ಸೇರಿಸಿದ್ದು ಒಳ್ಳೆಯದೇ ಆಯ್ತು.

ಮಂದ್ರಸ್ಥಾಯಿ:
"ಕಾದು ಕಾದು" ಅಂದರೆ ಬರ್ನ್‌ಸ್ಟೈನ್ ಉಪಕಾರ ಮಾಡಿದರು ಅಂತಲಾ? ಅದು ಕಂಡಕ್ಟರ್ ಕೆಲಸ ಕಣ್ರೀ. ಈ ಅವಮಾನದ ಮೇಲೆಯೇ ಗೌಲ್ಡ್ ವೇದಿಕೆ ಬಿಟ್ಟಿದ್ದು.

ಸುಮ್ನೆ ಕೇಳುಗ:
ಬಿಟ್ಟಿದ್ದು 1964ರ ಏಪ್ರಿಲ್‌ನಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಎರಡು ವರ್ಷ ತಡವಾಗಿ ಬರುವ ಅವಮಾನ ಯಾವುದು? ಅವರಿಗೆ ಕಛೇರಿ ಅಂದರೇ ಮೊದಲಿಂದ ಆಗ್ತಿರಲಿಲ್ಲ, ಸ್ಟುಡಿಯೊ ಬೇಕಿತ್ತು. ಅಲ್ಲಿ ಚಪ್ಪಾಳೆ ತಟ್ಟೋಕೆ ಯಾರೂ ಇರಲ್ಲ, ಕೊನೇಸಾಲು ಅವರೂ ಅಲ್ಲಿಗೇ ಹೋಗಬಹುದು.

ಕೊನೇಸಾಲು:
ಹೋಗ್ತೀನಿ, ನಿಮ್ಮ ಪಕ್ಕದ ಸೀಟಿಗಿಂತ ವಾಸಿ. ಬಸೂನ್ ಬಗ್ಗೆ ಇನ್ನೂ ಯಾರೂ ನೆಟ್ಟಗೆ ಉತ್ತರ ಕೊಟ್ಟಿಲ್ಲ.

ತಾಳತಪ್ಪಿದವ:
ಕೊಟ್ಟಾಯ್ತು. ಚಿಲಕದ ಕಾಮೆಂಟ್ ಮತ್ತೆ ಓದಿ. ಈ ಸಲ ಪೂರ್ತಿ.