ವಾಟರ್‌ಟೌನ್‌ನ ಐದು ಮಕ್ಕಳು

ಗುಂಪಿನ ಎಲ್ಲರಿಗೂ ನಮಸ್ಕಾರ.

ಮೊನ್ನೆ ಇಲ್ಲಿ ಒಬ್ಬ ತಾಯಿ ಬರೆದದ್ದನ್ನು ಓದಿದಂದಿನಿಂದ ನನ್ನ ಮನಸ್ಸು ಅಲ್ಲೇ ಇದೆ. ನಾಲ್ಕು ವರ್ಷದ ಮಗಳು ಶಾಲೆಯಲ್ಲಿ ತುಟಿ ಬಿಚ್ಚುತ್ತಿಲ್ಲ. ಮನೆಯಲ್ಲಿ ಕನ್ನಡ ನಿಲ್ಲಿಸಿ ಇಂಗ್ಲಿಷಿನಲ್ಲೇ ಮಾತನಾಡಿ ಎಂದು ಶಿಕ್ಷಕಿ ಹೇಳಿದ್ದಾರೆ. ಏನು ಮಾಡಲಿ ಎಂದು ಕೇಳಿದ್ದಿರಿ. ಇಂಗ್ಲಿಷ್ ಮೊದಲು ಗಟ್ಟಿಯಾಗಲಿ ಎಂದು ಕೆಲವರು ಹೇಳಿದರು, ಶನಿವಾರದ ಕನ್ನಡ ತರಗತಿಗೆ ಸೇರಿಸಿ ಎಂದು ಇನ್ನು ಕೆಲವರು. ನನಗೆ ಎರಡೂ ಪೂರ್ತಿ ಒಪ್ಪಿಗೆಯಾಗಲಿಲ್ಲ. ಏಕೆಂದು ಹೇಳಬೇಕಾದರೆ ಅಮೆರಿಕದಲ್ಲಿ ನಾವಿರುವ ಈ ವಿಸ್ಕಾನ್ಸಿನ್ ರಾಜ್ಯದಲ್ಲೇ ಬಾಳಿದ ಒಬ್ಬ ಹೆಣ್ಣುಮಗಳ ಕಥೆ ಹೇಳಬೇಕು. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ಮಾರ್ಗರೆಟೆ ಶುರ್ಟ್ಸ್ ಹುಟ್ಟಿದ್ದು 1833ರಲ್ಲಿ, ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ತಂದೆ ಊರುಗೋಲು ತಯಾರಿಕೆಯಿಂದ ಸಿರಿವಂತನಾದವನು. ತಾಯಿ ಇವಳನ್ನು ಹೆತ್ತು ತೀರಿಕೊಂಡಳು. ಫ್ರೀಡ್ರಿಕ್ ಫ್ರೋಬೆಲ್ ಎಂಬ ವಯೋವೃದ್ಧ ಶಿಕ್ಷಣತಜ್ಞ 1849ರಲ್ಲಿ ಹ್ಯಾಂಬರ್ಗ್‌ಗೆ ಬಂದು ಉಪನ್ಯಾಸ ಕೊಡತೊಡಗಿದಾಗ ಹದಿನಾರರ ಮಾರ್ಗರೆಟೆ ಎದುರು ಕುಳಿತು ಕೇಳಿದಳು. ಎಳೆಯ ಮಕ್ಕಳು ಕಲಿಯುವುದು ಆಟದಿಂದ, ಹಾಡಿನಿಂದ, ಕೈಕೆಲಸದಿಂದ ಎನ್ನುವುದು ಫ್ರೋಬೆಲ್‌ನ ನಂಬಿಕೆ. ಆತ ಕೊಟ್ಟ ಹೆಸರೇ ಕಿಂಡರ್‌ಗಾರ್ಟನ್, ಮಕ್ಕಳ ತೋಟ. ನಾವು ಅದನ್ನು ಶಿಶುವಿಹಾರ ಎಂದು ಮಾಡಿಕೊಂಡೆವು. ಅಮೆರಿಕದವರು ಜರ್ಮನ್ ಪದವನ್ನೇ ಉಳಿಸಿಕೊಂಡರು. ಆ ತೋಟವೂ ಅಪಾಯಕಾರಿಯಾಗಿ ಕಂಡು, ಜರ್ಮನ್ ರಾಜ್ಯಗಳಲ್ಲೊಂದಾದ ಪ್ರಷ್ಯಾದ ಸರ್ಕಾರ 1851ರಲ್ಲಿ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು.

ಮಾರ್ಗರೆಟೆಯ ಅಕ್ಕ ಲಂಡನ್ನಿನಲ್ಲಿ ಇಂಥದೊಂದು ಶಾಲೆ ತೆರೆದಿದ್ದಳು. ಅಕ್ಕನ ನೆರವಿಗೆ ಹೋದವಳು ಅಲ್ಲಿ ಕಾರ್ಲ್ ಶುರ್ಟ್ಸ್‌ನನ್ನು ಕಂಡಳು. ಜರ್ಮನಿಯ 1848ರ ಕ್ರಾಂತಿಯಲ್ಲಿ ಪಾಲ್ಗೊಂಡು ದೇಶ ಬಿಟ್ಟು ಓಡಿಬಂದಿದ್ದ ಯುವಕ ಅವನು. 1852ರ ಬೇಸಗೆಯಲ್ಲಿ ಮದುವೆಯಾಯಿತು, ಕೆಲವೇ ವಾರಗಳಲ್ಲಿ ಇಬ್ಬರೂ ಅಮೆರಿಕದ ಹಡಗು ಹತ್ತಿದರು. ಆಕೆಗೆ ಆಗ ಹತ್ತೊಂಬತ್ತು ತುಂಬುತ್ತಿತ್ತು. ಮೊದಲು ಫಿಲಡೆಲ್ಫಿಯ, ಅಲ್ಲಿ 1853ರಲ್ಲಿ ಮಗಳು ಅಗಾಥೆ. ಮಾರ್ಗರೆಟೆಯ ಆರೋಗ್ಯ ಅಷ್ಟು ಹೊತ್ತಿಗೇ ಕೆಟ್ಟಿತ್ತು. ಚಿಕಿತ್ಸೆಗೆಂದು ಯೂರೋಪಿಗೆ ಹೋಗಿ ಬಂದದ್ದೂ ಆಯಿತು. ಕೊನೆಗೆ 1856ರಲ್ಲಿ ಸಂಸಾರ ವಿಸ್ಕಾನ್ಸಿನ್‌ನ ವಾಟರ್‌ಟೌನ್ ಎಂಬ ಊರಿಗೆ ಬಂತು.

ಆಗ ವಿಸ್ಕಾನ್ಸಿನ್ ರಾಜ್ಯವಾಗಿ ಎಂಟೇ ವರ್ಷ. ರಾಕ್ ನದಿಯ ದಡದಲ್ಲಿ ಕಾಡು ಕಡಿದು ಊರು ಕಟ್ಟುತ್ತಿದ್ದ ಕಾಲ. ಮಿಲ್ವಾಕಿಯಿಂದ ಅಲ್ಲಿಗೆ ಮರದ ಹಲಗೆ ಹಾಸಿದ ರಸ್ತೆ. ರೈಲು ಬಂದು ಒಂದು ವರ್ಷವಾಗಿತ್ತಷ್ಟೆ. ಬೀದಿಯಲ್ಲಿ ಎಲ್ಲೆಲ್ಲೂ ಜರ್ಮನ್ ಮಾತು. ವಿಶ್ವವಿದ್ಯಾಲಯದಲ್ಲಿ ಓದಿ, ಕ್ರಾಂತಿ ಸೋತ ಮೇಲೆ ಇಲ್ಲಿಗೆ ಬಂದು ನೇಗಿಲು ಹಿಡಿದವರನ್ನು ಆ ದಿನಗಳಲ್ಲಿ ‘ಲ್ಯಾಟಿನ್ ರೈತರು’ ಎಂದು ಕರೆಯುತ್ತಿದ್ದರು. ಗಂಡ ರಾಜಕೀಯಕ್ಕೆ ಇಳಿದ. ಗುಲಾಮಗಿರಿಯ ವಿರುದ್ಧ ಭಾಷಣ ಮಾಡುತ್ತಾ ಊರೂರು ಸುತ್ತಿದ. ಮನೆಯಲ್ಲಿ ಉಳಿದದ್ದು ಹೊಟ್ಟೆಯಲ್ಲಿ ಎರಡನೆಯ ಮಗು ಹೊತ್ತ ಮಾರ್ಗರೆಟೆ ಮತ್ತು ಮೂರು ವರ್ಷದ ಅಗಾಥೆ. ಸಿರಿವಂತರ ಮನೆಯಲ್ಲಿ ಬೆಳೆದ, ಮೈಯಲ್ಲಿ ಕಸುವಿಲ್ಲದ ಇಪ್ಪತ್ತಮೂರರ ಹೆಣ್ಣು. ಹೊರಗೆ ವಿಸ್ಕಾನ್ಸಿನ್‌ನ ಚಳಿ. ಆ ಚಳಿ ಎಂಥದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಆಕೆ ಮಾಡಿದ್ದು ಇಷ್ಟೇ. ಅಗಾಥೆಯ ಜೊತೆಗೆ ಬಂಧುಗಳ ನಾಲ್ಕು ಮಕ್ಕಳನ್ನು ಮನೆಗೆ ಕರೆದಳು. ಒಟ್ಟು ಐದು. ಫ್ರೋಬೆಲ್ ಕಲಿಸಿದ ಹಾಡು, ಕೈಬೆರಳಿನ ಆಟ, ಬಣ್ಣದ ಉಣ್ಣೆಯ ಚೆಂಡು, ಮರದ ಘನಗಳು. ಎಲ್ಲವೂ ಜರ್ಮನ್‌ನಲ್ಲಿ. ಊರಿನ ಇತರ ತಾಯಂದಿರೂ ಮಕ್ಕಳನ್ನು ಕಳುಹಿಸುತ್ತೇವೆಂದರು. ಮನೆ ಸಾಲದಾದಾಗ ಪೇಟೆಯ ಒಂದು ಪುಟ್ಟ ಕಟ್ಟಡಕ್ಕೆ ಹೋದಳು. ಅಮೆರಿಕದ ಮೊದಲ ಕಿಂಡರ್‌ಗಾರ್ಟನ್ ಎಂದು ಸಾಮಾನ್ಯವಾಗಿ ಕರೆಯುವುದು ಇದನ್ನೇ. ಆಕೆ ನಡೆಸಿದ್ದು ಎರಡು ವರ್ಷಗಳಷ್ಟು ಕಾಲ. ಆಮೇಲೆ ಸಂಸಾರ ಆ ಊರು ಬಿಟ್ಟಿತು. ಶಾಲೆಯನ್ನು ಬೇರೆಯವರು ಮುಂದುವರಿಸಿದರು.

1859ರಲ್ಲಿ ಬಾಸ್ಟನ್‌ನಲ್ಲಿ ಎಲಿಜಬೆತ್ ಪೀಬಾಡಿ ಎಂಬ ಶಿಕ್ಷಕಿ ಅಗಾಥೆಯನ್ನು ನೋಡಿ ಬೆರಗಾದಳು. ಮಗು ಇಷ್ಟು ಚೆನ್ನಾಗಿ ಬೆಳೆದದ್ದು ಹೇಗೆ ಎಂದು ಕೇಳಿದಾಗ ಮಾರ್ಗರೆಟೆ ಅದರ ಹಿರಿಮೆಯನ್ನು ಕಿಂಡರ್‌ಗಾರ್ಟನ್‌ಗೆ ಕೊಟ್ಟು, ಫ್ರೋಬೆಲ್‌ನ ಬರಹವನ್ನು ಓದಲು ಕಳುಹಿಸಿದಳು. ಮರುವರ್ಷವೇ ಪೀಬಾಡಿ ಇಂಗ್ಲಿಷ್ ಮಾಧ್ಯಮದ ಮೊದಲ ಕಿಂಡರ್‌ಗಾರ್ಟನ್ ತೆರೆದಳು. ಇವತ್ತು ನಮ್ಮ ಮಕ್ಕಳೆಲ್ಲ ಬೆನ್ನಿಗೆ ಚೀಲ ಹಾಕಿಕೊಂಡು ಹಳದಿ ಬಸ್ ಹತ್ತಿ ಹೋಗುವ ಕಿಂಡರ್‌ಗಾರ್ಟನ್‌ನ ಬೇರು, ತನ್ನ ಮಗಳು ತನ್ನ ಭಾಷೆಯಲ್ಲಿ ಆಡಲಿ ಎಂದು ಒಬ್ಬ ವಲಸಿಗ ತಾಯಿ ಮಾಡಿದ ಆ ಏರ್ಪಾಡಿನಲ್ಲಿದೆ.

ಆ ಪುಟ್ಟ ಕಟ್ಟಡ ಈಗಲೂ ಇದೆ. 1956ರಲ್ಲಿ ಅದನ್ನು ಎತ್ತಿ ವಾಟರ್‌ಟೌನ್‌ನ ‘ಅಷ್ಟಕೋನ ಮನೆ’ ಎಂಬ ವಸ್ತುಸಂಗ್ರಹಾಲಯದ ಆವರಣಕ್ಕೆ ತಂದು ಇಟ್ಟಿದ್ದಾರೆ. ಮಿಲ್ವಾಕಿಯಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ. ಕಳೆದ ಬೇಸಗೆಯಲ್ಲಿ ನನ್ನ ಕಿರಿಯ ಮಗನನ್ನು ಕರೆದುಕೊಂಡು ಹೋಗಿದ್ದೆ. ನಮ್ಮ ಊರಿನ ಅಂಗನವಾಡಿಗಿಂತ ದೊಡ್ಡದಲ್ಲ. ಬಾಗಿಲಲ್ಲಿ ನಿಂತು ನಾನು ಬಹಳ ಹೊತ್ತು ನೋಡಿದೆ.

ಆ ಶಾಲೆ ಮುಚ್ಚಿದ್ದು ಮಕ್ಕಳು ಬಾರದೆ ಅಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನ್ ಭಾಷೆಯ ಮೇಲೆ ಎಲ್ಲೆಡೆ ದ್ವೇಷ ಎದ್ದು, ಆ ಬಿಸಿಯಲ್ಲಿ ಇದೂ ನಿಂತಿತು. ಅದಕ್ಕೂ ಮೊದಲೇ, 1889ರಲ್ಲಿ, ಶಾಲೆಗಳಲ್ಲಿ ಇಂಗ್ಲಿಷ್‌ನಲ್ಲೇ ಪಾಠವಾಗಬೇಕೆಂದು ವಿಸ್ಕಾನ್ಸಿನ್ ಕಾನೂನು ತಂದಿತ್ತು. ಜರ್ಮನ್ನರು ಎದುರು ನಿಂತು ಎರಡೇ ವರ್ಷದಲ್ಲಿ ರದ್ದು ಮಾಡಿಸಿದ್ದರು. ಯುದ್ಧ ಮುಗಿದ ಮೇಲೂ ನೆಬ್ರಾಸ್ಕ ರಾಜ್ಯದಲ್ಲಿ ಒಬ್ಬ ಶಿಕ್ಷಕನಿಗೆ ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಲು ಕಲಿಸಿದ್ದಕ್ಕೆ 25 ಡಾಲರ್ ದಂಡ ಹಾಕಿದರು. ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 1923ರಲ್ಲಿ ತೀರ್ಪು ಆತನ ಪರವಾಗಿ ಬಂತು. ಮಗು ಯಾವ ಭಾಷೆ ಕಲಿಯಬೇಕು ಎನ್ನುವುದರಲ್ಲಿ ತಂದೆತಾಯಿಗೆ ಹಕ್ಕಿದೆ ಎಂದು ಈ ದೇಶದ ಅತ್ಯುನ್ನತ ನ್ಯಾಯಾಲಯವೇ ಹೇಳಿದೆ. ತಂಗಿ, ಶಿಕ್ಷಕಿಯ ಮಾತು ಕೇಳಿ ನಿಮಗೆ ತಪ್ಪಿತಸ್ಥ ಭಾವನೆ ಬಂದಿದ್ದರೆ ದಯವಿಟ್ಟು ಅದನ್ನು ಇಳಿಸಿಬಿಡಿ.

ಭಾಷೆ ಉಳಿಸಿಕೊಂಡರೆ ಇಂಗ್ಲಿಷ್ ಬರುವುದಿಲ್ಲವೇ ಎಂಬ ಭಯಕ್ಕೆ ನನ್ನ ದೊಡ್ಡ ಮಗನನ್ನೇ ಹೇಳುತ್ತೇನೆ. ಶಾಲೆಗೆ ಸೇರಿದ ಮೇಲೆ ಐದು ತಿಂಗಳು ಅವನೂ ಅಲ್ಲಿ ಮೌನವಾಗಿದ್ದ. ನಮಗೂ ಇದೇ ಸಲಹೆ ಬಂತು, ನಾವು ಕೇಳಲಿಲ್ಲ. ಆರನೆಯ ತಿಂಗಳಲ್ಲಿ ಪೂರ್ತಿ ವಾಕ್ಯಗಳಲ್ಲೇ ಮಾತು ಶುರುಮಾಡಿದ. ಆದರೂ ಒಂದು ಮಾತು: ಮನೆಯಲ್ಲಿ ಕನ್ನಡದಲ್ಲೂ ಮಗುವಿನ ಮಾತು ವಯಸ್ಸಿಗೆ ತಕ್ಕಷ್ಟು ಇಲ್ಲ ಎನಿಸಿದರೆ ಮಾತಿನ ತಜ್ಞರಿಗೆ ತಪ್ಪದೆ ತೋರಿಸಿ. ಅದು ಬೇರೆಯೇ ವಿಷಯ, ಅದಕ್ಕೂ ಕನ್ನಡಕ್ಕೂ ಗಂಟು ಹಾಕಬೇಡಿ.

ಇನ್ನು ಶನಿವಾರದ ತರಗತಿ. ಅದನ್ನು ನಡೆಸುವವರ ಶ್ರಮಕ್ಕೆ ನಾನು ಕೈಮುಗಿಯುತ್ತೇನೆ. ನಾನೇ ಆರು ವರ್ಷ ಕಲಿಸಿದ್ದೇನೆ. ಆದರೆ ನಾಲ್ಕು ವರ್ಷದ ಮಗುವಿನ ಮುಂದೆ ನಾವು ಒತ್ತಕ್ಷರದ ಹಾಳೆ ಇಟ್ಟು, ಅದನ್ನು ತಿದ್ದುವುದು ಹೇಗೆಂದು ಇಂಗ್ಲಿಷ್‌ನಲ್ಲಿ ವಿವರಿಸುತ್ತಿದ್ದೆವು. ಮಗುವಿಗೆ ಅಲ್ಲಿ ಕನ್ನಡವೆಂದರೆ ಒಂದು ವಿಷಯ, ಗಣಿತದ ಹಾಗೆ. ಮಾರ್ಗರೆಟೆ ಆ ಐವರಿಗೆ ಜರ್ಮನ್ ಕಲಿಸಲು ಕೂರಲಿಲ್ಲ. ಚೆಂಡು ಉರುಳಿಸಿದಳು, ಹಾಡಿದಳು. ಭಾಷೆ ಆ ಚೆಂಡಿನ ಜೊತೆಗೆ ಬಂತು. ವಾಟರ್‌ಟೌನ್‌ನ ಪಕ್ಕದ ಹಸ್ಟಿಸ್‌ಫರ್ಡ್‌ನಲ್ಲಿ 1910ರ ಜನಗಣತಿಯ ವೇಳೆಗೂ ಸುಮಾರು ಕಾಲು ಭಾಗದಷ್ಟು ಜನ ಜರ್ಮನ್ ಮಾತ್ರ ಬಲ್ಲವರಾಗಿದ್ದರು. ಅವರಲ್ಲಿ ಈ ನೆಲದಲ್ಲೇ ಹುಟ್ಟಿದವರೂ ಇದ್ದರು. ಅಂಗಡಿ, ಚರ್ಚು, ಹೊಲ, ಪತ್ರಿಕೆ ಎಲ್ಲವೂ ಆ ಭಾಷೆಯಲ್ಲೇ ನಡೆಯುತ್ತಿದ್ದ ಕಾರಣ ಅದು ಉಳಿದಿತ್ತು. ನಮಗೆ ಅಂಗಡಿಯಿಲ್ಲ, ಹೊಲವಿಲ್ಲ. ಅಡುಗೆಮನೆ ಇದೆ, ನೆಲಮಾಳಿಗೆ ಇದೆ.

ಮಾರ್ಗರೆಟೆಯ ಬದುಕು ಸುಖವಾಗಿ ಮುಗಿಯಲಿಲ್ಲ. ಒಂದು ಹೆಣ್ಣುಮಗು 1867ರಲ್ಲಿ ತೀರಿಕೊಂಡಿತು. ಆರೋಗ್ಯಕ್ಕಾಗಿ ಮತ್ತೆ ಜರ್ಮನಿಗೆ ಹೋದಳು, ಮತ್ತೆ ಬಂದಳು. ಎರಡು ದೇಶಗಳ ನಡುವೆ ಹೀಗೆ ಹೋಗಿ ಬರುವ ದಣಿವು ನಮ್ಮಲ್ಲಿ ಹಲವರಿಗೆ ಗೊತ್ತು. 1876ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಗಂಡುಮಗುವನ್ನು ಹೆತ್ತು, ತನ್ನ ತಾಯಿಯಂತೆಯೇ, ಬಾಣಂತಿಯಾಗಿ ಹೋಗಿಬಿಟ್ಟಳು. ವಯಸ್ಸು ನಲವತ್ತೆರಡು. ಮರುವರ್ಷ ಗಂಡ ಅಮೆರಿಕದ ಒಳಾಡಳಿತ ಮಂತ್ರಿಯಾದ. ಇತಿಹಾಸದ ಪುಸ್ತಕಗಳಲ್ಲಿ ಪುಟಗಟ್ಟಲೆ ಇರುವುದು ಅವನೇ. ಇದು ನನಗೆ ಸಂಕಟದ ವಿಷಯ.

ತಂಗಿ, ನೀವು ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ದೂರದಲ್ಲಿದ್ದೀರಿ ಎಂದು ತಿಳಿಯಿತು. ನಮ್ಮ ನೆಲಮಾಳಿಗೆಯಲ್ಲಿ ಭಾನುವಾರ ಬೆಳಿಗ್ಗೆ ಮೂರು ಮಕ್ಕಳು ಸೇರುತ್ತಾರೆ. ಹಾಳೆ, ಪೆನ್ಸಿಲ್ ಇಲ್ಲ. ಹೋದ ವಾರ ಸೀಮೆಸುಣ್ಣದಲ್ಲಿ ಚುಕ್ಕಿಯಿಟ್ಟು ರಂಗೋಲಿ ಹಾಕಿದರು. ಅದರ ಹಿಂದಿನ ವಾರ ಕಣ್ಣಾಮುಚ್ಚಾಲೆ. ಈ ವಾರ ಹೋಳಿಗೆ. ಕಣಕ ಕಲಸಿ ನೆನೆಯಲು ಇಟ್ಟಿರುತ್ತೇನೆ, ಉಂಡೆ ಮಾಡುವುದು ಮಕ್ಕಳ ಕೆಲಸ. ಹತ್ತು ಗಂಟೆಗೆ ಮಗಳನ್ನು ಕರೆದುಕೊಂಡು ಬನ್ನಿ. ಅವಳು ಮಾತನಾಡದಿದ್ದರೂ ಪರವಾಗಿಲ್ಲ, ಹಿಟ್ಟಿನಲ್ಲಿ ಕೈಯಿಟ್ಟರೆ ಸಾಕು. ಇನ್ನೊಂದು ಮಗು ಸಿಕ್ಕರೆ ನಾವೂ ಐದಾಗುತ್ತೇವೆ.