ಕ್ಲಿಂಡಮೈಸಿನ್ ಝೋನ್ ಒಂದು ಬದಿಯಲ್ಲಿ ಚಪ್ಪಟೆಯಾದರೆ ಏನೆಂದು ವರದಿ ಮಾಡಬೇಕು?

ಪ್ರಶ್ನೆ: ಮೇಡಂ, ನಾನು ಮೈಕ್ರೋಬಯಾಲಜಿ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ ತಂತ್ರಜ್ಞ. ಶಸ್ತ್ರಚಿಕಿತ್ಸೆಯ ನಂತರ ಕೀವುಗಟ್ಟಿದ ಗಾಯದಿಂದ ಬೆಳೆದ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾ ಎರಿತ್ರೊಮೈಸಿನ್ ಎಂಬ ಆ್ಯಂಟಿಬಯೋಟಿಕ್‌ಗೆ ಬಗ್ಗಲಿಲ್ಲ. ಇನ್ನೊಂದು ಆ್ಯಂಟಿಬಯೋಟಿಕ್ ಆದ ಕ್ಲಿಂಡಮೈಸಿನ್‌ನ ಡಿಸ್ಕಿನ (ಔಷಧ ಹೀರಿಸಿದ ಪುಟ್ಟ ಕಾಗದದ ಬಿಲ್ಲೆ) ಸುತ್ತ ಅಗಲವಾದ ಝೋನ್ (ಬ್ಯಾಕ್ಟೀರಿಯಾ ಬೆಳೆಯದ ವಲಯ) ಬಂದಿದೆ; ಆದರೆ ಎರಿತ್ರೊಮೈಸಿನ್ ಕಡೆಗಿರುವ ಅಂಚು ಮಾತ್ರ ಚಪ್ಪಟೆಯಾಗಿದೆ. ವ್ಯಾಸ ಸಾಕಷ್ಟಿರುವುದರಿಂದ ‘ಸೆನ್ಸಿಟಿವ್’ (ಔಷಧಕ್ಕೆ ಬಗ್ಗುತ್ತದೆ) ಎಂದು ಬರೆಯಬಹುದೇ?

ಉತ್ತರ: ದಯವಿಟ್ಟು ಹಾಗೆ ಬರೆಯಬೇಡಿ. ನೀವು ಕಂಡಿರುವುದು ಇಂಗ್ಲಿಷಿನ ‘ಡಿ’ ಅಕ್ಷರದ ಆಕಾರ; ಅದು ಕಂಡಾಗ ವ್ಯಾಸ ಎಷ್ಟೇ ಇದ್ದರೂ ಕ್ಲಿಂಡಮೈಸಿನ್‌ಗೆ ‘ರೆಸಿಸ್ಟೆಂಟ್’ (ಔಷಧಕ್ಕೆ ಬಗ್ಗುವುದಿಲ್ಲ) ಎಂದೇ ವರದಿ ಮಾಡಬೇಕು. ಈ ಬ್ಯಾಕ್ಟೀರಿಯಾದಲ್ಲಿರುವ ‘ಇಆರ್‌ಎಂ’ ಜೀನ್ ರೈಬೋಸೋಮಿನಲ್ಲಿ (ಕೋಶದೊಳಗೆ ಪ್ರೋಟೀನ್ ತಯಾರಿಸುವ ಘಟಕ) ಔಷಧ ಅಂಟಿಕೊಳ್ಳುವ ಜಾಗವನ್ನೇ ಮಾರ್ಪಡಿಸುವ ಕಿಣ್ವವನ್ನು ತಯಾರಿಸುತ್ತದೆ. ಆ ಜೀನನ್ನು ಎರಿತ್ರೊಮೈಸಿನ್ ಚುರುಕುಗೊಳಿಸುತ್ತದೆ, ಕ್ಲಿಂಡಮೈಸಿನ್ ಅಷ್ಟಾಗಿ ಚುರುಕುಗೊಳಿಸುವುದಿಲ್ಲ. ಆದ್ದರಿಂದ ಕ್ಲಿಂಡಮೈಸಿನ್ ಡಿಸ್ಕನ್ನು ಎರಿತ್ರೊಮೈಸಿನ್ ಡಿಸ್ಕಿನಿಂದ ದೂರದಲ್ಲಿ ಇಟ್ಟಿದ್ದರೆ ದುಂಡನೆಯ ಝೋನ್ ಬಂದು ನಮ್ಮನ್ನು ದಾರಿ ತಪ್ಪಿಸುತ್ತಿತ್ತು. ಆ ವರದಿಯನ್ನು ನಂಬಿ ಔಷಧ ಕೊಟ್ಟರೆ, ಸದಾಕಾಲ ಈ ಕಿಣ್ವವನ್ನು ತಯಾರಿಸುವ ರೂಪಾಂತರಿಗಳು ಉಳಿದು ಬೆಳೆಯಬಹುದು, ಗಾಯ ವಾಸಿಯಾಗದೇ ಇರಬಹುದು.

ಪ್ರಶ್ನೆ: ಹಾಗಾದರೆ ಎರಡು ಡಿಸ್ಕುಗಳ ನಡುವೆ ಎಷ್ಟು ಅಂತರವಿರಬೇಕು ಮೇಡಂ? ನಮ್ಮಲ್ಲಿ ಡಿಸ್ಪೆನ್ಸರ್ (ಡಿಸ್ಕುಗಳನ್ನು ಒಟ್ಟಿಗೆ ಪ್ಲೇಟಿನ ಮೇಲೆ ಇಡುವ ಸಾಧನ) ಬಳಸುತ್ತೇವೆ.

ಉತ್ತರ: 15 ಮೈಕ್ರೋಗ್ರಾಂ ಎರಿತ್ರೊಮೈಸಿನ್ ಮತ್ತು 2 ಮೈಕ್ರೋಗ್ರಾಂ ಕ್ಲಿಂಡಮೈಸಿನ್ ಡಿಸ್ಕುಗಳ ಅಂಚಿನಿಂದ ಅಂಚಿಗೆ 15ರಿಂದ 26 ಮಿಲಿಮೀಟರ್ ಇರಬೇಕು. ಡಿಸ್ಪೆನ್ಸರಿನಲ್ಲಿ ಇವೆರಡನ್ನೂ ಅಕ್ಕಪಕ್ಕದ ಕೊಳವೆಗಳಿಗೆ ತುಂಬಿ, ಅಂತರವನ್ನು ಒಮ್ಮೆ ಸ್ಕೇಲಿನಿಂದ ಅಳೆದುಕೊಳ್ಳಿ. ಅಗರಿಗೆ (ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಮಾಧ್ಯಮ) ತಾಗಿದ ಡಿಸ್ಕನ್ನು ಮಾತ್ರ ಸರಿಸಬೇಡಿ, ಏಕೆಂದರೆ ಔಷಧ ಆ ಕ್ಷಣದಿಂದಲೇ ಹರಡತೊಡಗಿರುತ್ತದೆ. ಉಳಿದದ್ದೆಲ್ಲ ಎಂದಿನಂತೆ: 4 ಮಿಲಿಮೀಟರ್ ದಪ್ಪದ ಮುಲ್ಲರ್ ಹಿಂಟನ್ ಅಗರ್, 0.5 ಮ್ಯಾಕ್‌ಫಾರ್ಲಂಡ್ (ಮಬ್ಬಿನ ಅಳತೆ) ಮಟ್ಟದ ಬ್ಯಾಕ್ಟೀರಿಯಾ ದ್ರಾವಣ, 35 ಡಿಗ್ರಿ ಸೆಲ್ಸಿಯಸ್‌ನಲ್ಲಿ 16ರಿಂದ 18 ಗಂಟೆ.

ಪ್ರಶ್ನೆ: ಎರಿತ್ರೊಮೈಸಿನ್ ರೆಸಿಸ್ಟೆಂಟ್ ಆಗಿದ್ದು, ಅಂಚು ಚಪ್ಪಟೆಯಾಗದೇ ಇದ್ದರೆ?

ಉತ್ತರ: ಆಗ ಬ್ಯಾಕ್ಟೀರಿಯಾ ಬಹುಶಃ ಎರಿತ್ರೊಮೈಸಿನ್ನನ್ನು ಕೋಶದಿಂದ ಹೊರಕ್ಕೆ ಪಂಪ್ ಮಾಡುತ್ತಿರುತ್ತದೆ, ಕ್ಲಿಂಡಮೈಸಿನ್‌ಗೆ ಅದರಿಂದ ಅಡ್ಡಿಯಿಲ್ಲ, ವ್ಯಾಸ ನೋಡಿ ವರದಿ ಮಾಡಬಹುದು. ಆದರೆ ಅದಕ್ಕೂ ಮೊದಲು ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿ. ಕ್ಲಿಂಡಮೈಸಿನ್ ಝೋನಿನೊಳಗೆ ತೆಳುವಾದ ಮಂಜಿನಂಥ ಬೆಳವಣಿಗೆ ಕಂಡರೆ, ಅಂಚು ದುಂಡಗಿದ್ದರೂ ಅದು ರೆಸಿಸ್ಟೆಂಟ್.