ಟಿಕಿಂಟರ್: ಚಿಕ್ಕ ಪರದೆಯಲ್ಲಿ ಕೆಳಗಿನ ಬಟನ್ ಕಾಣುವುದಿಲ್ಲ, ಕನ್ನಡದ ಹೆಸರುಗಳು ತುಂಡಾಗುತ್ತವೆ

ಮೂಡಿಗೆರೆ_ತೋಟ ಕೇಳಿದ್ದು:
ನಮಸ್ಕಾರ. ಮೂಡಿಗೆರೆ ಸಮೀಪದ ನಮ್ಮ ಕಾಫಿ ತೋಟದಲ್ಲಿ ಯಾರು ಎಷ್ಟು ಕಿಲೋ ಹಣ್ಣು ಕೊಯ್ದರು ಎಂಬುದನ್ನು ರೈಟರು (ತೋಟದ ಲೆಕ್ಕ ಬರೆಯುವವರು) ಕೆಲಸಗಾರರ ಹೆಸರುಗಳಿರುವ ಚೆಕ್‌ರೋಲ್ ಪುಸ್ತಕದಲ್ಲಿ ಬರೆಯುತ್ತಾರೆ. ಅದನ್ನು ಕಂಪ್ಯೂಟರಿಗೆ ತರಲು ಪೈಥಾನಿನಲ್ಲಿ, ಕಿಟಕಿ ಮತ್ತು ಬಟನ್‌ಗಳನ್ನು ಕಟ್ಟಿಕೊಡುವ ಟಿಕಿಂಟರ್ ಬಳಸಿ, ಒಂದು ಪ್ರೋಗ್ರಾಂ ಬರೆದಿದ್ದೇನೆ. ಮೇಲೆ ಹೆಸರು ಮತ್ತು ತೂಕದ ಎಂಟ್ರಿಗಳು (ಬರೆಯುವ ಚೌಕಗಳು), ನಡುವೆ ಪಟ್ಟಿ, ಕೆಳಗೆ ‘ಉಳಿಸು’ ಬಟನ್. ಎಲ್ಲವನ್ನೂ ‘ಪ್ಲೇಸ್’ ಬಳಸಿ ಪಿಕ್ಸೆಲ್ ಲೆಕ್ಕದಲ್ಲಿ ಕೂರಿಸಿದ್ದೇನೆ. 1920×1080ರ ನನ್ನ ಮಾನಿಟರಿನಲ್ಲಿ ಎಲ್ಲವೂ ಸರಿಯಿದೆ. ರೈಟರ ಹಳೆಯ ಲ್ಯಾಪ್‌ಟಾಪಿನ 1366×768ರ ಪರದೆಯಲ್ಲಿ ಮಾತ್ರ ಬಟನ್ ಕೆಳಗೆ ಮರೆಯಾಗುತ್ತದೆ, ಎಂಟ್ರಿಯ ಅಗಲ 20 ಎಂದು ಕೊಟ್ಟಿದ್ದರೂ ಉದ್ದನೆಯ ಹೆಸರುಗಳು ಅರ್ಧಕ್ಕೇ ನಿಲ್ಲುತ್ತವೆ. ದಯವಿಟ್ಟು ದಾರಿ ತೋರಿಸಿ.

ಹಾಸನ_ಪೈಥಾನ್ ಉತ್ತರ:
‘ಪ್ಲೇಸ್’ ಅನ್ನು ಇಲ್ಲಿ ಬಿಟ್ಟುಬಿಡಿ. ಅದರಲ್ಲಿ ಕೂರಿಸಿದ ಬಟನ್, ಎಂಟ್ರಿ, ಪಟ್ಟಿಯಂಥ ವಿಜೆಟ್‌ಗಳು ತಮಗೆ ಎಷ್ಟು ಜಾಗ ಬೇಕೆಂಬುದನ್ನು ಕಿಟಕಿಗೆ ತಿಳಿಸುವುದೇ ಇಲ್ಲವಾದ್ದರಿಂದ, ಪರದೆ ಅಥವಾ ಫಾಂಟ್ ಬದಲಾದಾಗ ಏನೂ ಹೊಂದಿಕೊಳ್ಳುವುದಿಲ್ಲ. ಕಿಟಕಿಯನ್ನು ಸಾಲು, ಕಾಲಮ್ಮುಗಳ ಕೋಣೆಗಳಾಗಿ ಹಂಚುವ ‘ಗ್ರಿಡ್’ ಬಳಸಿ, ಪಟ್ಟಿಯಿರುವ ಸಾಲಿಗೆ ಮಾತ್ರ ‘ವೇಟ್’ 1 ಕೊಡಿ. ಉಳಿದ ಸಾಲುಗಳಿಗೆ ತಾನಾಗಿಯೇ 0 ಇರುತ್ತದೆ. ವೇಟ್ ಎಂದರೆ ಹೆಚ್ಚುವರಿ ಜಾಗವನ್ನು ಹಂಚುವ ಲೆಕ್ಕ ಎಂದಷ್ಟೇ ಬಹಳ ಮಂದಿ ತಿಳಿದಿದ್ದಾರೆ, ಆದರೆ ಜಾಗ ಸಾಲದಿದ್ದಾಗ ಯಾವ ಸಾಲು ಕುಗ್ಗಬೇಕೆಂಬುದನ್ನೂ ಅದೇ ನಿರ್ಧರಿಸುತ್ತದೆ. ಆದ್ದರಿಂದ ಪಟ್ಟಿ ಕುಗ್ಗಿ, ಬಟನ್ ಉಳಿಯುತ್ತದೆ.

ವೇಟ್ ಕೊಟ್ಟರೂ ಪಟ್ಟಿ ಹಿಗ್ಗದಿದ್ದರೆ ಎರಡು ಕಡೆ ನೋಡಿ. ವೇಟ್ ಹಿಗ್ಗಿಸುವುದು ಗ್ರಿಡ್ಡಿನ ಕೋಣೆಯನ್ನು. ಒಳಗಿನ ವಿಜೆಟ್ ಆ ಕೋಣೆಯನ್ನು ತುಂಬಬೇಕಾದರೆ ‘ಸ್ಟಿಕಿ’ಗೆ ನಾಲ್ಕೂ ದಿಕ್ಕು ಕೊಡಬೇಕು. ಪಟ್ಟಿಯನ್ನು ಫ್ರೇಮ್ ಎಂಬ ಚೌಕಟ್ಟಿನೊಳಗೆ ಇಟ್ಟಿದ್ದರೆ ಒಳಗಿನ ಫ್ರೇಮಿಗೂ ಹೊರಗಿನ ಕಿಟಕಿಗೂ ಬೇರೆ ಬೇರೆಯಾಗಿ ವೇಟ್ ಹೇಳಬೇಕು. ನಾನು ಒಂದು ಇಡೀ ಸಂಜೆ ಕಳೆದುಕೊಂಡದ್ದು ಈ ಎರಡನೆಯದರಲ್ಲಿ.

ಎಂಟ್ರಿಯ 20 ಎಂಬುದು ಪಿಕ್ಸೆಲ್ ಅಲ್ಲ, ಆ ಫಾಂಟಿನ ಸರಾಸರಿ ಅಗಲದ 20 ಅಕ್ಷರಗಳು. ನೀವು ಇಂಗ್ಲಿಷ್ ಫಾಂಟ್ ಹೆಸರಿಸಿದ್ದರೆ ಅಳತೆ ಅದರದು, ಪರದೆಯ ಮೇಲೆ ಮೂಡುವ ಕನ್ನಡ ಅಕ್ಷರಗಳು ಬೇರೊಂದು ಫಾಂಟಿನವು ಮತ್ತು ಸಾಮಾನ್ಯವಾಗಿ ಹೆಚ್ಚು ಅಗಲದವು. ವಿಂಡೋಸ್ 8ರಿಂದೀಚೆಗೆ ಜೊತೆಗೇ ಬರುವ ನಿರ್ಮಲಾ ಯುಐ ಫಾಂಟನ್ನು ಹೆಸರಿಸಿ, ಅತಿ ಉದ್ದದ ಹೆಸರನ್ನು ಫಾಂಟಿನ ‘ಮೆಷರ್’ ಮೂಲಕ ಅಳೆದು ನೋಡಿ. ಅದು ಪಿಕ್ಸೆಲ್‌ನಲ್ಲೇ ಉತ್ತರ ಕೊಡುತ್ತದೆ.

ಸಕಲೇಶಪುರ_ಕೋಡ್ ಉತ್ತರ:
ಇಷ್ಟು ಸರಳ ವಿನ್ಯಾಸಕ್ಕೆ ವಿಜೆಟ್‌ಗಳನ್ನು ಒಂದಾದ ಮೇಲೊಂದು ಬದಿಗೆ ಜೋಡಿಸುವ ‘ಪ್ಯಾಕ್’ ಕೂಡ ಸಾಕು ಎಂಬುದು ನನ್ನ ಅಭಿಪ್ರಾಯ. ಪ್ಯಾಕ್‌ನಲ್ಲಿ ಮೊದಲು ಬಂದವರಿಗೆ ಮೊದಲು ಜಾಗ, ಕೊನೆಗೆ ಬಂದ ವಿಜೆಟ್ ಮೊದಲು ಕತ್ತರಿಸಿಹೋಗುತ್ತದೆ. ಹಾಗಾಗಿ ಬಟನ್ನನ್ನು ಕೆಳಬದಿಗೆ ಪಟ್ಟಿಗಿಂತ ಮೊದಲೇ ಪ್ಯಾಕ್ ಮಾಡಿ, ಪಟ್ಟಿಯನ್ನು ಕೊನೆಗೆ ‘ಎಕ್ಸ್‌ಪ್ಯಾಂಡ್’ ಮತ್ತು ‘ಫಿಲ್’ ಜೊತೆ ಸೇರಿಸಿ, ಆಗ ಉಳಿದ ಜಾಗವನ್ನು ಅದು ತುಂಬುತ್ತದೆ. ಒಂದೇ ಫ್ರೇಮಿನಲ್ಲಿ ಮಾತ್ರ ಪ್ಯಾಕ್ ಮತ್ತು ಗ್ರಿಡ್ ಎರಡನ್ನೂ ಬೆರೆಸಬೇಡಿ, ಟಿಕಿಂಟರಿನ ತಳದಲ್ಲಿರುವ ಟಿಕೆ 8.6ರಲ್ಲಿ ಅದು ನೇರವಾಗಿ ದೋಷ ತೋರಿಸುತ್ತದೆ. ‘ಜಿಯಾಮಿಟ್ರಿ’ಯಲ್ಲಿ ಕಿಟಕಿಯ ಅಳತೆ ಬರೆದಿದ್ದರೆ ಆ ಸಾಲನ್ನೂ ತೆಗೆಯಿರಿ, ಅದಿರುವವರೆಗೆ ಕಿಟಕಿ ಒಳಗಿನ ವಿಜೆಟ್‌ಗಳ ಅಳತೆಗೆ ಹೊಂದಿಕೊಳ್ಳುವುದಿಲ್ಲ.

ಮೂಡಿಗೆರೆ_ತೋಟ:
ಇಬ್ಬರಿಗೂ ಧನ್ಯವಾದಗಳು. ಗ್ರಿಡ್ಡಿಗೆ ಬದಲಿಸಿದೆ, ಹೊರಗಿನ ಕಿಟಕಿಗೆ ವೇಟ್ ಕೊಡುವುದು ನನಗೂ ತಪ್ಪಿಹೋಗಿತ್ತು. ಈಗ ರೈಟರ ಲ್ಯಾಪ್‌ಟಾಪಿನಲ್ಲಿ ‘ಉಳಿಸು’ ಕಾಣುತ್ತಿದೆ, ಚೆಕ್‌ರೋಲಿನ ಅತಿ ಉದ್ದದ ಹೆಸರನ್ನು ಅಳೆದು ಪಟ್ಟಿಯ ಮೊದಲ ಕಾಲಮ್ಮಿಗೆ ಅದೇ ಅಗಲವನ್ನು ಕನಿಷ್ಠವೆಂದು ಇಟ್ಟಿದ್ದೇನೆ.